ಹಗೇವಿನ ಬಾಯಿ

ಆ ವರ್ಷ ಬೋರ ಹಳ್ಳದೊಳಗ ಹುಡುಗರು
ಸೈಕಲ್ ಕಲತರು.
ವಿಜಾಪುರದ ರೇಡಿಯೋ ಮಳಿ ಬರತದ ಅಂತಿತ್ತು,
ಸಾಂಗಲಿಯ ಪೇಪರು ಬರೂದಿಲ್ಲ ಅಂತಿತ್ತು,
ನಡುವಿನ ನಮ್ಮೂರಿಗೆ ಎರಡೂ ಕೇಳಸತಿದ್ದವು.
ಟ್ಯಾಂಕರ್ ಮಂಗಳವಾರಕ್ಕೊಮ್ಮೆ, ಮರಾಠಿ ಬೋರ್ಡು ಹಚಗೊಂಡು;
ಅದರ ಮುಂದ ನಮ್ಮ ಕೊಡಗಳು ಕನ್ನಡದಾಗ ಜಗಳಾಡೂವು.
ರೇಶನ್ ಅಂಗಡ್ಯಾಂವ ಬೆರಳು ಒತ್ತಿಸಿಕೊಂಡು
ನೆಟ್‌ವರ್ಕ್ ಇಲ್ಲಂತ ಕಳಸಾಂವ.

ಗುಡಿ ಹಿಂದಿನ ಹಗೇವು ತೆರೀಬೇಕಂತ
ಮಾತಾಡೂದರಾಗ ಮೂರು ದಿನ ಹೋತು.
ಆರು ವರ್ಷದ ಹಿಂದ ತುಂಬಿದ ಮಾಲದಂಡಿ ಜ್ವಾಳ.
ಯಾರ ಮನೀದು ಎಷ್ಟು ಚೀಲ ಅನ್ನೂದು
ಜಕ್ಕವ್ವಾಯಿ ನೆನಪಿನಾಗ ಮಾತ್ರ ಇತ್ತು,
ಆ ನೆನಪೋ, ಮುಂಜಾನಿಗೊಂದು ಲೆಕ್ಕ, ಸಂಜಿಗೊಂದು.

ಮಣ್ಣು ಕೆತ್ತಿ ಹಾಸಗಲ್ಲು ಸರಿಸಿದಾಗ
ಮೊದಲು ಬಂದದ್ದು ಬಿಸಿ,
ಜ್ವರ ಬಂದ ಕೂಸಿನ ನೆತ್ತಿ ಮುಟ್ಟಿದಂಗ.
ಆಮ್ಯಾಲೆ ವಾಸನಿ.

ಕಂದೀಲಿಗೆ ಹಗ್ಗ ಕಟ್ಟಿ ಇಳಿಸಾಂವ ಅಮಸಿದ ಕಾಕಾ.
ಮಿಲಿಟರಿ ಬಿಟ್ಟು ಬಂದು ಎಂಟು ತಿಂಗಳಾಗಿತ್ತು,
ನೀಲಿ ಟೊಪಗಿ ಟ್ರಂಕಿನ ತಳದಾಗಿತ್ತು.
ದೀಪ ಆರಿದರ ಒಳಗ ಉಸಿರಿಲ್ಲಂತ ಅರ್ಥ,
ಮತ್ತೊಂದು ದಿನ ಬಾಯಿ ತೆರದು ಬಿಡಬೇಕು.
ಇಳಿಯಾಕಿ ನಾನು. ಒಂಬತ್ತನೇ ಇಯತ್ತೆ,
ಊರಾಗೆಲ್ಲಾ ತೆಳ್ಳಾನ ಮೈ.

ಕಂದೀಲು ಅರ್ಧಕ್ಕ ಇಳಿದು ಅಲ್ಲೇ ನಿಂತಿತು.
ಹಗ್ಗಕ್ಕೇನೂ ಆಗಿರಲಿಲ್ಲ. ಕಾಕಾನ ಕೈ ನಿಂತಿತ್ತು.

"ಅಲ್ಲೂ ಹುಗೀತಾರ," ಅಂದ, ಯಾರ ಮಾರಿನೂ ನೋಡದ.
"ಸುಡಾನದಾಗ. ಇಂಥಾವ ತೆಗ್ಗು, ಇದ ಜ್ವಾಳ.
ಮಳಿ ಹೋದ ವರ್ಷ ಬಂದೂಕು ಬರತಾವು.
ಒಬ್ಬಾಂವ ಕಬ್ಬಿಣದ ಸರಳು ಹಿಡದು
ಅಂಗಳ ಚುಚ್ಚಿಕೋತ ನಡೀತಾನ.
ಕಲ್ಲಿಗೊಂದು ಸಪ್ಪಳ, ಗಟ್ಟಿ ಮಣ್ಣಿಗೊಂದು,
ಕಾಳಿಗೆ ಸಪ್ಪಳಿಲ್ಲ. ಸರಳು ಸುಮ್ಮನ ಇಳೀತದ.
ಆಗ ಆ ಮನಿ ಹೆಂಗಸು ಕಣ್ಣು ಮುಚ್ಚತಾಳ."

ವಿಮಾನ ಚೀಲ ಒಗದದ್ದು ಹೇಳಿದ.
ಬಿದ್ದ ರಭಸಕ್ಕ ಒಡದ ಚೀಲ,
ಧೂಳಾಗಿಂದ ಕಾಳು ಕಾಳು ಆರಸೂ ಹೆಂಗಸರು,
ಸುತ್ತ ಇವರು, ರೈಫಲ್ ಹಿಡದು, ಕಾಯಲಿಕ್ಕೆ,
ಯಾರಿಂದ ಅನ್ನೂದು ಪಕ್ಕಾ ತಿಳೀದ.
ಒಬ್ಬಾಕಿ ಇವನ ಮುಂದ ಬಂದು ಮುಷ್ಟಿ ತೆರದು
"ದುರಾ" ಅಂದಳಂತ.
ಇಂವ "ಜ್ವಾಳ" ಅಂದ.
ಆಕಿ ಇನ್ನೊಮ್ಮೆ, ಇಂವ ಇನ್ನೊಮ್ಮೆ.
ವರ್ಷದಾಗ ಆದ ಮಾತು ಅಷ್ಟ.
ಆ ಮುಷ್ಟಿ ಆಕಿ ಚೀಲಕ್ಕ ಹಾಕಲಿಲ್ಲಂತ,
ಹೊದ್ದ ಬಟ್ಟಿ ತುದಿಗೆ ಗಂಟು ಹಾಕಿದಳಂತ,
ಬೀಜಕ್ಕ.

ಬಿಸಲು ನೆತ್ತಿಗೇರಿತ್ತು. ಮಂದಿಗೆ ಬ್ಯಾಸರ.
"ಹವಾಲ್ದಾರ್ರ, ದೀಪಾ ಇಳಸ್ರಿ," ಅಂದರು ಯಾರೋ.

ಇಳಿಸಿದ. ಆರಲಿಲ್ಲ.

ಒಳಗ ನಿಂತು ನೋಡಿದರ ಆಕಾಶ ಒಂದು ಹಂಚಿನಷ್ಟ.
ಗ್ವಾಡಿಗೆ ಹತ್ತಿದ ಕಾಳು ಕರ್ರಗ, ಮೂಸಿದರ ಕಹಿ;
ನಡುವಿಂದು ಎಳೀ ಹಲ್ಲಿನಂಗ ಬೆಳ್ಳಗ.
ಬುಟ್ಟಿ ಮ್ಯಾಲ ಹೋತು, ಖಾಲಿಯಾಗಿ ಬಂತು, ಹೋತು.
ಮೊಣಕಾಲತನಾ ಜ್ವಾಳದಾಗ ನಿಂತು
ಮ್ಯಾಲಿನ ಜಗಳ ಕೇಳಿದೆ:
"ತಾಂಡಾದವರು ಒಂದು ಕಾಳು ಹಾಕಿಲ್ಲ, ಅವರಿಗ್ಯಾಕ?"
"ಹಾಕ್ಯಾರ," ಅಂದಳು ಜಕ್ಕವ್ವಾಯಿ.
"ಎಷ್ಟು?"
"ಅದು ನೆನಪಿಲ್ಲ. ಹಾಕ್ಯಾರ."

ಪಾಯಲಿ ತುಂಬೂ ಸಪ್ಪಳ ಸುರುವಾತು.
ಒಂದೊಂದಕ್ಕೂ ಆಕಿ ಬೆರಳು ಮಡಚತಿದ್ದಳಂತ,
ಮಡಚಿದ್ದ ಬೆರಳನ್ನ ಮತ್ತ ಮಡಚತಿದ್ದಳಂತ.

ಕಡೀ ಬುಟ್ಟಿಗೆ ಕಾಕಾ ಬಗ್ಗಿ ಕೂಗಿದ:
"ತಳಾ ಗುಡಸಬ್ಯಾಡ. ಒಂದು ಮುಷ್ಟಿ ಇರಲಿ."
ಬಿಟ್ಟೆ. ಕತ್ತಲಿನಾಗ ಎಷ್ಟು ಬಿಟ್ಟೆನೋ.

ಆ ರಾತ್ರಿ ಊರತುಂಬ ಹಳೇ ಜ್ವಾಳದ ವಾಸನಿ,
ತಾಂಡಾದ ಒಲಿಗಳೊಳಗೂ.
ರೊಟ್ಟಿ ಬಡಿದರ ಅಂಚು ಸೀಳೂವು.
ಯಾರೂ ಏನೂ ಅನಲಿಲ್ಲ.

ಕಾಕಾ ಆ ಹಾಸಗಲ್ಲಿನ ಮ್ಯಾಲ ಹೊರಸು ಹಾಕಿದ.
ಮಳಿ ಬಂದು ಹೋತು, ಸುಗ್ಗಿ ಒಂದು ಹೋತು,
ಇನ್ನೂ ಅಲ್ಲೇ ಮಲಗತಾನ.
"ಯಾರೂ ಬರಂಗಿಲ್ಲ ಕಾಕಾ," ಅಂತೀನಿ.
"ಗೊತ್ತೈತಿ," ಅಂತಾನ,
ಕಂಬಳಿ ಝಾಡಿಸಿ ಹಾಸತಾನ.